ಗಾಳದ ತುದಿಯ ಹುಳು

ಶೂದ್ರಕ ಕವಿಯ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬುವನು ಚಾರುದತ್ತನ ಮನೆಗೆ ಕನ್ನವಿಕ್ಕುವ ಪ್ರಸಂಗವೊಂದಿದೆ. ಅವನು ಸಾಮಾನ್ಯ ಕಳ್ಳನಲ್ಲ. ತನ್ನ ವಿದ್ಯೆಯಲ್ಲಿ ಪಾರಂಗತನಾದ ಪಂಡಿತ. ಗೋಡೆಯ ಇಟ್ಟಿಗೆ ಸುಟ್ಟದ್ದೋ ಹಸಿಯದೋ, ಕನ್ನವನ್ನು ಕಮಲದ ಆಕಾರದಲ್ಲಿ ಕೊರೆಯುವುದು ಮೇಲೋ ಪೂರ್ಣಕುಂಭದ ಆಕಾರದಲ್ಲಿ ಕೊರೆಯುವುದು ಮೇಲೋ ಎಂದು ಗೋಡೆಯ ಮುಂದೆ ನಿಂತು ಮೀಮಾಂಸೆ ನಡೆಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುತ್ತಾನೆ.

ಇಷ್ಟೆಲ್ಲ ಶ್ರಮಪಟ್ಟ ಆ ಮಹಾನುಭಾವನು ಇಂದು ಬದುಕಿದ್ದರೆ, ತನ್ನ ಕಸುಬಿನವರ ಹೊಸ ಹಾದಿಯನ್ನು ಕಂಡು ನಾಚುತ್ತಿದ್ದನೋ ಅಸೂಯೆಪಡುತ್ತಿದ್ದನೋ ಹೇಳುವುದು ಕಷ್ಟ. ಏಕೆಂದರೆ ಇಂದಿನ ಚೋರನು ಗೋಡೆಯ ಬಳಿಗೇ ಬರುವುದಿಲ್ಲ. ನೂರಾರು ಮೈಲಿಗಳಾಚೆ ಕುಳಿತು ಒಂದು ಸಂದೇಶವನ್ನು ಕಳುಹಿಸುತ್ತಾನೆ. ಮನೆಯ ಯಜಮಾನನೇ ಎದ್ದು ಬಂದು, ಬಾಗಿಲು ತೆರೆದು, ಪೆಟ್ಟಿಗೆಯನ್ನು ಅವನ ಕೈಗಿತ್ತು, ‘ಬಹಳ ಉಪಕಾರವಾಯಿತು’ ಎಂದು ವಂದಿಸಿ ಒಳಗೆ ಹೋಗುತ್ತಾನೆ!

ಈ ವಿದ್ಯೆಗೆ ‘ಫಿಷಿಂಗ್’ ಎಂದು ಹೆಸರು. ಗಾಳ ಹಾಕುವುದೆಂದೇ ಅದರ ಅರ್ಥ. 1990ರ ದಶಕದ ನಡುಭಾಗದಲ್ಲಿ, ಅಮೆರಿಕದ ‘ಅಮೆರಿಕ ಆನ್‌ಲೈನ್’ ಸಂಸ್ಥೆಯ ಗ್ರಾಹಕರ ಗುಪ್ತಪದಗಳನ್ನು ಲಪಟಾಯಿಸುತ್ತಿದ್ದವರ ನಡುವೆ ಈ ಮಾತು ಬಳಕೆಗೆ ಬಂದಿತು. ಹಣ ಪಾವತಿಯ ಖಾತೆಗಳಿಗೆ ಅದು ಕೈ ಚಾಚಲು ಬಹುಕಾಲ ಬೇಕಾಗಲಿಲ್ಲ. 2000ದಲ್ಲಿ ‘ಪೇಪಾಲ್’ ಎಂಬ ಪಾವತಿ ಸಂಸ್ಥೆಯ ಹೆಸರಿನ ಕೊನೆಯ ಅಕ್ಷರವಾದ ಇಂಗ್ಲಿಷಿನ ಸಣ್ಣ ‘ಎಲ್’ ಇರಬೇಕಾದೆಡೆ ದೊಡ್ಡ ‘ಐ’ ಅಕ್ಷರವನ್ನಿಟ್ಟು ವಂಚಕರು ತಮ್ಮದೊಂದು ತಾಣವನ್ನು ಕಟ್ಟಿದರು. ಪರದೆಯ ಮೇಲೆ ಎರಡೂ ನೆಟ್ಟನೆಯ ಗೆರೆಗಳೇ. ನಮ್ಮ ‘ಪ’ಕಾರ ‘ಷ’ಕಾರಗಳ ನಡುವೆ ಒಂದು ಗೆರೆಯ ಅಂತರವಾದರೂ ಉಂಟು, ಅಲ್ಲಿ ಅದೂ ಇರಲಿಲ್ಲ.

ನಮ್ಮ ದೇಶದಲ್ಲಿ 2016ರಲ್ಲಿ ಯುಪಿಐ ವ್ಯವಸ್ಥೆ ಆರಂಭವಾದ ಮೇಲೆ, ಎಳನೀರಿನ ಬಂಡಿಯಿಂದ ಒಡವೆಯಂಗಡಿಯವರೆಗೆ ಎಲ್ಲೆಲ್ಲಿಯೂ ಹಣವು ಮೊಬೈಲಿನಿಂದ ಮೊಬೈಲಿಗೆ ಹರಿಯತೊಡಗಿತು. ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆ ವ್ಯವಸ್ಥೆಯ ಬೀಗವೂ ಗಟ್ಟಿಯಾದುದೇ. ಆದುದರಿಂದಲೇ ವಂಚಕನು ಬೀಗವನ್ನು ಬಿಟ್ಟು, ಬೀಗದ ಕೈಯನ್ನು ಹಿಡಿದಿರುವ ಮನುಷ್ಯನ ಕಡೆಗೆ ತಿರುಗಿದ್ದಾನೆ.

ಗಾಳ ಬೀಳುವ ಬಗೆ

ನಿವೃತ್ತ ಉಪಾಧ್ಯಾಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಸಂಜೆ ಏಳು ಗಂಟೆಗೆ ಅವರ ಮೊಬೈಲಿಗೊಂದು ಸಂದೇಶ ಬರುತ್ತದೆ: ‘ಕಳೆದ ತಿಂಗಳ ವಿದ್ಯುತ್ ಬಿಲ್ಲು ದಾಖಲಾಗಿಲ್ಲ. ಇಂದು ರಾತ್ರಿ ಒಂಬತ್ತೂವರೆಗೆ ಸಂಪರ್ಕ ಕಡಿಯಲಾಗುವುದು. ಕೂಡಲೇ ಈ ಅಧಿಕಾರಿಗೆ ಫೋನ್ ಮಾಡಿರಿ.’ ಬಿಲ್ಲು ಕಟ್ಟಿದ ನೆನಪು ಅವರಿಗೆ ಚೆನ್ನಾಗಿಯೇ ಇದೆ. ಆದರೆ ನಾಳೆ ಮೊಮ್ಮಗಳಿಗೆ ಪರೀಕ್ಷೆ. ರಾತ್ರಿ ಕತ್ತಲಾದರೆ ಗತಿಯೇನು? ಫೋನ್ ಮಾಡುತ್ತಾರೆ. ಅತ್ತಲಿಂದ ವಿನಯ ತುಂಬಿದ ಧ್ವನಿ: ‘ಗಾಬರಿಯಾಗಬೇಡಿ ಸಾರ್, ಹತ್ತು ರೂಪಾಯಿ ಕಟ್ಟಿದರೆ ದಾಖಲೆ ಸರಿಹೋಗುತ್ತದೆ.’ ಒಂದು ಲಿಂಕ್ ಬರುತ್ತದೆ. ಒತ್ತಿದೊಡನೆ ಒಂದು ಆ್ಯಪ್ ಮೊಬೈಲಿಗೆ ಇಳಿಯುತ್ತದೆ. ಅದರಲ್ಲಿ ಅವರು ತುಂಬಿದ ಕಾರ್ಡಿನ ಸಂಖ್ಯೆ, ಬಳಿಕ ಬ್ಯಾಂಕು ಕಳುಹಿಸಿದ ಒಟಿಪಿ, ಎರಡೂ ಆ ವಿನಯಶೀಲನ ಕೈ ಸೇರುತ್ತವೆ. ಹತ್ತು ರೂಪಾಯಿ ಹೋಗಬೇಕಾದೆಡೆ ವರ್ಷಗಟ್ಟಲೆ ಕೂಡಿಟ್ಟ ಹಣವೇ ಹೊರಟುಹೋಗುತ್ತದೆ.

ಈ ಉಪಾಧ್ಯಾಯರನ್ನು ದಡ್ಡರೆನ್ನುವುದು ಅನ್ಯಾಯ. ಬಾಕಿ ಉಳಿಸಿಕೊಳ್ಳಬಾರದೆಂಬ ಅವರ ಪ್ರಾಮಾಣಿಕತೆಯೇ, ಮೊಮ್ಮಗಳ ಮೇಲಿನ ಮಮತೆಯೇ ಅವರಿಗೆ ಉರುಳಾಯಿತು. ಹತ್ತು ರೂಪಾಯಿ ಗಾಳದ ತುದಿಯ ಹುಳು ಮಾತ್ರ. ಮೀನಿಗೆ ತಕ್ಕಂತೆ ಹುಳು ಬದಲಾಗುತ್ತದೆ. ಒಬ್ಬರಿಗೆ ‘ನಿಮ್ಮ ಖಾತೆಯ ಕೆವೈಸಿ ಮುಗಿದಿದೆ’ ಎಂಬ ಬೆದರಿಕೆ. ಇನ್ನೊಬ್ಬರಿಗೆ ‘ನಿಮಗೆ ಬಹುಮಾನ ಬಂದಿದೆ’ ಎಂಬ ಆಮಿಷ. ಮತ್ತೊಬ್ಬರಿಗೆ ಮದುವೆಯ ಕರೆಯೋಲೆಯ ವೇಷದಲ್ಲಿ ಬರುವ ಫೈಲು. ಹಳೆಯ ಮಂಚವನ್ನು ಮಾರಲು ಜಾಹೀರಾತು ಕೊಟ್ಟವರಿಗೆ ‘ಹಣ ಪಡೆಯಲು ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ’ ಎಂಬ ಆತ್ಮೀಯ ಸಲಹೆ!

ಗುರುತಿಸುವುದು ಹೇಗೆ?

ವೇಷಗಳು ನೂರಾದರೂ ಲಕ್ಷಣಗಳು ಕೆಲವೇ. ಮೊದಲನೆಯದು ಅವಸರ. ‘ಇಂದು ರಾತ್ರಿಯೊಳಗೆ’, ‘ಇನ್ನು ಹತ್ತು ನಿಮಿಷದಲ್ಲಿ’, ‘ಫೋನ್ ಇಡಬೇಡಿ’ ಎಂಬ ಮಾತು ಕೇಳಿಬಂದೊಡನೆ ಎಚ್ಚರಗೊಳ್ಳಬೇಕು. ಯೋಚಿಸಲು ಸಮಯ ಕೊಟ್ಟರೆ ವಂಚಕನ ವ್ಯಾಪಾರ ನಡೆಯುವುದಿಲ್ಲ.

ಎರಡನೆಯದು, ದಾರಿಯನ್ನು ಅವನೇ ತೋರಿಸುತ್ತಾನೆ. ಲಿಂಕ್ ಅವನದು, ಫೋನ್ ಸಂಖ್ಯೆ ಅವನದು, ಆ್ಯಪ್ ಅವನದು. ಇದಕ್ಕೆ ಮದ್ದು ಸುಲಭ: ನಾವು ನಮ್ಮ ದಾರಿಯಲ್ಲೇ ಹೋಗುವುದು. ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಅದನ್ನು ಮುಗಿಸಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವಾಗಿ ಕರೆ ಮಾಡಿ ವಿಚಾರಿಸಿದರಾಯಿತು. ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗಾಗಿ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ಆಜ್ಞೆ ಮಾಡಿತು. ವಿಳಾಸದ ಆರಂಭಕ್ಕಿಂತ ಅದರ ಬಾಲವನ್ನು ನೋಡುವುದು ಕ್ಷೇಮ. ಪಕ್ಕದಲ್ಲಿ ಕಾಣುವ ಬೀಗದ ಚಿಹ್ನೆಯನ್ನು ಮಾತ್ರ ನಂಬಬಾರದು. ಕಳ್ಳನ ಮನೆಗೂ ಬೀಗವಿರುತ್ತದೆ.

ಮೂರನೆಯದನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು: ಹಣ ಕೊಡುವುದಕ್ಕೆ ಪಿನ್ ಬೇಕು, ಹಣ ಪಡೆಯುವುದಕ್ಕೆ ಬೇಕಿಲ್ಲ. ‘ನಿಮಗೆ ಹಣ ಬರಬೇಕಾದರೆ ಪಿನ್ ಒತ್ತಿ’ ಎಂದವನು, ಅವನು ಯಾರೇ ಆಗಿರಲಿ, ವಂಚಕನೇ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯಿಂದ ಯುಪಿಐ ಮೂಲಕ ಹಣ ಕೋರುವ ವಿನಂತಿಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಆದರೂ ಕ್ಯೂಆರ್ ಚಿತ್ರದ ಹಾದಿ ತೆರೆದೇ ಇದೆ. ಇನ್ನು ಒಟಿಪಿಯನ್ನು ಬ್ಯಾಂಕಿನವರು ಎಂದೂ ಕೇಳುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತೇ. ಗಾಬರಿಯಲ್ಲಿ ಮರೆತುಹೋಗುವುದೂ ಅದೇ.

ಗಾಳ ಹಿಡಿದ ಕೈ

ಇಷ್ಟಕ್ಕೂ ಅತ್ತ ಕುಳಿತವರು ಯಾರು? ಈ ಬಗೆಯ ಫೋನ್ ವಂಚನೆಗೆ ದೇಶದಲ್ಲೆಲ್ಲ ಕುಖ್ಯಾತವಾದ ಹೆಸರು ಝಾರ್ಖಂಡದ ಜಾಮ್ತಾರಾ ಜಿಲ್ಲೆಯದು. ಆ ಜಿಲ್ಲೆಯ ಕರ್ಮಾಟಾರ್ ಎಂಬ ಊರಿನಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಬಾಳಿನ ಕೊನೆಯ ವರ್ಷಗಳ ಬಹುಭಾಗವನ್ನು ಕಳೆದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಸಂತಾಲರಿಗೆ ಉಚಿತವಾಗಿ ಹೋಮಿಯೋಪತಿ ಔಷಧ ಕೊಟ್ಟರು. ಅಲ್ಲಿನ ರೈಲ್ವೆ ನಿಲ್ದಾಣಕ್ಕೆ ಇಂದಿಗೂ ‘ವಿದ್ಯಾಸಾಗರ’ ಎಂದೇ ಹೆಸರು. ಅಂಥ ನೆಲದ ಹೆಸರು ಇಂಥ ವಿದ್ಯೆಗೆ ಅಂಟಿಕೊಂಡುದು ಕಾಲದ ವೈಚಿತ್ರ್ಯವಲ್ಲವೆ?

ಹಾಗೆಂದು ಒಂದು ಊರನ್ನೇ ದೂಷಿಸುವುದು ಸಲ್ಲದು. ಈ ಕಸುಬು ಇಂದು ಅನೇಕ ರಾಜ್ಯಗಳಿಗೆ ಹಬ್ಬಿದೆ, ಗಡಿಯನ್ನೂ ದಾಟಿದೆ. ಒಳ್ಳೆಯ ನೌಕರಿಯ ಆಸೆ ತೋರಿಸಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಕರೆದೊಯ್ದ ಭಾರತೀಯ ತರುಣರನ್ನು ಅಲ್ಲಿ ಕೂಡಿಹಾಕಿ, ಬಲಾತ್ಕಾರದಿಂದ ಇಂಥ ವಂಚನೆಯ ಕೆಲಸಕ್ಕೆ ಹಚ್ಚಿದ ಪ್ರಕರಣಗಳು ಹೊರಬಂದಿವೆ. ಫೋನಿನ ಆಚೆಯ ಆ ವಿನಯದ ಧ್ವನಿಯೂ ಒಮ್ಮೊಮ್ಮೆ ಗಾಳಕ್ಕೆ ಸಿಕ್ಕ ಮೀನೇ.

ಹಣ ಹೋದ ಮೇಲೆ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಈ ಒಂದು ವಿಷಯದಲ್ಲಿ ಮಾತ್ರ ಆ ಗಾದೆಯನ್ನು ಮರೆಯಬೇಕು. ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರೂ ಇಲ್ಲಿ ಪ್ರಯೋಜನವುಂಟು. ಕದ್ದ ಹಣವು ಒಮ್ಮೆಗೇ ಕಳ್ಳನ ಜೇಬಿಗೆ ಬೀಳುವುದಿಲ್ಲ. ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುತ್ತ ಹೋಗುತ್ತದೆ. ಅದನ್ನು ನಗದಾಗಿ ತೆಗೆಯುವ ಮೊದಲೇ ಸುದ್ದಿ ಮುಟ್ಟಿದರೆ ದಾರಿಯಲ್ಲೇ ತಡೆಹಿಡಿಯುವುದು ಸಾಧ್ಯ.

ಆದುದರಿಂದ ತಕ್ಷಣ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ಕೊಡಬಹುದು. ಅದರ ಬೆನ್ನಲ್ಲೇ ಬ್ಯಾಂಕಿಗೆ ತಿಳಿಸಿ ಕಾರ್ಡನ್ನೂ ಖಾತೆಯನ್ನೂ ಬಂಧಿಸಬೇಕು. ದೂರಿನ ಸಂಖ್ಯೆ ಹಾಗೂ ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ಮೊಬೈಲಿನ ಇಂಟರ್ನೆಟ್ ಸಂಪರ್ಕವನ್ನು ಕಡಿದು, ಗುಪ್ತಪದಗಳನ್ನು ಬೇರೊಂದು ಸಾಧನದಿಂದ ಬದಲಿಸಬೇಕು. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. 2001ರಲ್ಲಿಯೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದು ಪೊಲೀಸ್ ಠಾಣೆ ತೆರೆದ ರಾಜ್ಯ ನಮ್ಮದು. ಇಂದು ಜಿಲ್ಲೆಗಳಲ್ಲಿಯೂ ಇಂಥ ದೂರುಗಳನ್ನು ನೋಡಿಕೊಳ್ಳುವ ಠಾಣೆಗಳಿವೆ.

ಇಲ್ಲಿ ಕಾಲಕ್ಕೆ ನೇರವಾದ ಬೆಲೆಯಿದೆ. ಗ್ರಾಹಕನ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ನಷ್ಟವಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಗ್ರಾಹಕನೇ ಒಟಿಪಿ ಹೇಳಿ ಮೋಸಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ಕ್ಷಣದ ಮುಂದೆ ಆಗುವ ನಷ್ಟ ಬ್ಯಾಂಕಿನದು ಎಂದೂ ಅದರಲ್ಲಿ ಹೇಳಿತು. ಅಂದಮೇಲೆ ಸುಮ್ಮನೆ ಕಳೆದ ಒಂದೊಂದು ಗಂಟೆಯೂ ನಮ್ಮ ಲೆಕ್ಕಕ್ಕೇ.

ಇಷ್ಟಾದರೂ ಅನೇಕರು ಸುಮ್ಮನಿರುತ್ತಾರೆ. ಕಾರಣ ನಾಚಿಕೆ. ‘ಇಷ್ಟು ಓದಿ ಹೀಗೆ ಮೋಸಹೋದೆನೆಂದು ಮಕ್ಕಳಿಗೆ ಹೇಗೆ ಹೇಳಲಿ?’ ಎಂದು ಇಡೀ ರಾತ್ರಿ ಹೊರಳಾಡುತ್ತಾರೆ. ಅಷ್ಟರಲ್ಲಿ ಹಣವು ಹತ್ತು ಖಾತೆಗಳನ್ನು ದಾಟಿರುತ್ತದೆ. ಕಳ್ಳನಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ. ಕೆಲದಿನಗಳ ಮೇಲೆ ‘ಹೋದ ಹಣವನ್ನು ಹಿಂದಕ್ಕೆ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಕರೆ ಬಂದರೆ, ಅದು ಅದೇ ಗಾಳದ ಎರಡನೆಯ ಹುಳುವೆಂದು ತಿಳಿಯಬೇಕು.

ಹಣ ಹೋಗುವ ಮೊದಲು ನಿಧಾನ, ಹೋದ ಮೇಲೆ ಅವಸರ: ಈ ಎರಡು ಮಾತುಗಳಲ್ಲಿ ಎಲ್ಲವೂ ಅಡಗಿದೆ. ನಾವು ಇವನ್ನು ತಿರುವುಮುರುವಾಗಿ ಮಾಡಲೆಂಬುದೇ ವಂಚಕನ ಬಯಕೆ. ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿದ್ದರೆ, ಇಂದು ಊಟಕ್ಕೆ ಕುಳಿತಾಗ ಅವರಿಗೆ ಒಂದು ಮಾತು ಕೊಡಿರಿ: ‘ಇಂಥದೇನಾದರೂ ಆದರೆ ಮೊದಲು ನನಗೆ ಹೇಳಿ, ಎಷ್ಟೇ ಹಣ ಹೋಗಿರಲಿ, ನಾನು ಗದರಿಸುವುದಿಲ್ಲ.’ ಆಡಿದ ಮೇಲೆ ಆ ಮಾತನ್ನು ನಡೆಸಿಯೂ ಕೊಡಿರಿ.