ಕಾಡಿನ ಕೊಯ್ಲು, ಹೊಳೆಯ ಮೀನು: ಹಕ್ಕಿನೊಡನೆ ಕಟ್ಟುಪಾಡೂ ಬೇಕು



ನಮ್ಮ ಕಡೆಯ ಅಡಿಕೆ ತೋಟವಾಗಲಿ ಕಾಫಿ ತೋಟವಾಗಲಿ, ಕಾಡಿನ ಆಸರೆಯಿಲ್ಲದೆ ಬೆಳೆದುದಲ್ಲ. ಸೊಪ್ಪು, ತರಗು, ಜೇನು, ಬಿದಿರು, ಬೇಸಗೆಯ ನೀರು ಎಲ್ಲವೂ ಅಲ್ಲಿಂದಲೇ ಬಂದವು. ಆದಕಾರಣ ಸಂರಕ್ಷಿತ ಕಾಡಿನೊಳಗೆ ಯಾರು ಏನನ್ನು ಎಷ್ಟು ಕೊಯ್ಯಬಹುದು, ಹೊಳೆಯಲ್ಲಿ ಮೀನು ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಅರಣ್ಯ ಇಲಾಖೆಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ.

ಧಾರವಾಡದಿಂದ ಹಳಿಯಾಳ ದಾಟಿ ದಾಂಡೇಲಿಯತ್ತ ಹೊರಟರೆ ಬಯಲು ಮುಗಿದು ಕಾಡು ಶುರುವಾಗುತ್ತದೆ. ಅಲ್ಲಿಂದ ಮುಂದೆ ಜೋಯಿಡಾ ತಾಲ್ಲೂಕಿನುದ್ದಕ್ಕೂ ಕಾಳಿ ನದಿಯ ಸೀಮೆ. ದಾಂಡೇಲಿ ಅಭಯಾರಣ್ಯ 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾದವು. 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರಿಡಲಾಯಿತು. ಈ ಗಡಿಗಳನ್ನು ಗುರುತಿಸುವ ಬಹಳ ಮೊದಲಿನಿಂದಲೂ ಕುಣಬಿ, ಗೌಳಿ, ಸಿದ್ದಿ ಕುಟುಂಬಗಳು ಇಲ್ಲಿ ಗೆಡ್ಡೆ ಗೆಣಸು ಬೆಳೆದು, ದನ ಸಾಕಿ, ಜೇನು ಇಳಿಸಿ, ಮುರುಗಲು, ಉಪ್ಪಾಗೆ ಆರಿಸಿ, ಹಳ್ಳದ ಮೀನು ಹಿಡಿದು ಬದುಕಿವೆ.

ಕಾಯಿದೆ ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಾಷ್ಟ್ರೀಯ ಉದ್ಯಾನದ ವಿಷಯದಲ್ಲಿ ಬಹು ಬಿಗಿಯಾದುದು. ಅಲ್ಲಿ ದನ ಮೇಯಿಸುವಂತಿಲ್ಲ. ವನ್ಯಜೀವಿಗಳ ಹಿತಕ್ಕಲ್ಲದೆ ಏನನ್ನೂ ತೆಗೆಯುವಂತಿಲ್ಲ. 2002ರ ತಿದ್ದುಪಡಿಯ ಮೇಲಂತೂ, ಹಾಗೆ ತೆಗೆದುದನ್ನು ಸುತ್ತಲಿನ ಜನರ ಮನೆಬಳಕೆಗೆ ಕೊಡಬಹುದೇ ಹೊರತು ವ್ಯಾಪಾರಕ್ಕೆ ಕೂಡದೆಂದಾಯಿತು.

2006ರ ಅರಣ್ಯ ಹಕ್ಕು ಕಾಯಿದೆಯ ದಾರಿ ಬೇರೆ. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನೂ, ಮೀನು ಮತ್ತಿತರ ಜಲೋತ್ಪನ್ನಗಳನ್ನು ಬಳಸುವ ಸಮುದಾಯದ ಹಕ್ಕನ್ನೂ ಅದು ಮಾನ್ಯ ಮಾಡುತ್ತದೆ. ಅದರ ಪ್ರಕಾರ 'ಅರಣ್ಯ ಭೂಮಿ' ಎಂದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೂ ಸೇರಿದಂತೆ. ಕಾಡುಪ್ರಾಣಿಗಳ ಬೇಟೆಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಹಂದಿಗೆ ಉರುಲಿಡುವುದು ಹಿಂದಿನಿಂದ ಬಂದ ರೂಢಿ ಎಂದರೆ ನಡೆಯದು. ಹಕ್ಕು ಪಡೆದ ಗ್ರಾಮಸಭೆಗೆ ಕಾಡನ್ನೂ ಜಲಮೂಲವನ್ನೂ ಕಾಯುವ ಹೊಣೆಯನ್ನು ಅದೇ ಕಾಯಿದೆ ಹೊರಿಸಿದೆ.

ತೊಡಕಿರುವುದು ಸಾಕ್ಷ್ಯದಲ್ಲಿ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಅರ್ಜಿಗಳು ಬಿದ್ದುಹೋದದ್ದು ಇಲ್ಲಿಯೇ.

ಹಿಂದಿನವರ ಲೆಕ್ಕ

ಹಿಂದಿನವರ ಕೊಯ್ಲಿಗೆ ದಿನ, ಸಲಕರಣೆ, ಮಿತಿ ಎಂಬ ಮೂರು ಕಟ್ಟುಗಳಿದ್ದವು. ಸಾಗರ, ಸೊರಬ, ಸಿದ್ದಾಪುರದ ಕಡೆಯ ಕೆರೆಬೇಟೆಯನ್ನೇ ನೋಡಿ. ಬೇಸಗೆಯಲ್ಲಿ ನೀರು ತಗ್ಗಿದ ಮೇಲೆ ಊರವರು ಗೊತ್ತುಮಾಡಿದ ದಿನದಂದೇ ಕೆರೆಗಿಳಿಯಬೇಕು. ಹಿಡಿಯುವುದು ಬಿದಿರಿನ ಕೂಣಿಯಲ್ಲಿ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದೇ ಇಲ್ಲ. ಹೆಜ್ಜೇನು ಇಳಿಸುವ ಅನುಭವಸ್ಥರು ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಯಿರುವ ಭಾಗವನ್ನು ಬಿಡುತ್ತಾರೆ.

ಈ ಕಟ್ಟು ತಪ್ಪಿದರೆ ಕೇಡು ಬೇಗ ಬರುತ್ತದೆ. ಮುಂಗಾರಿನ ಮೊದಲ ನೆರೆಗೆ ಮೀನು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಅಡ್ಡಗಟ್ಟಿ ಹತ್ತುಮೀನನ್ನೆಲ್ಲ ಬಾಚಿದರೆ ಬರುವ ವರ್ಷದ ಮೀನನ್ನೂ ಬಾಚಿದಂತೆಯೇ. ತೋಟೆ ಸಿಡಿಸುವವರು, ವಿಷ ಕದಡುವವರು ಮರಿ, ಏಡಿ, ಸಿಗಡಿಯನ್ನೂ ಉಳಿಸುವುದಿಲ್ಲ. ದೇವರ ಮೀನೆಂದು ಕಾಯುತ್ತಿದ್ದ ಶಿಶಿಲದಲ್ಲಿಯೇ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಲೆಕ್ಕವಿಲ್ಲದಷ್ಟು ಮೀನುಗಳನ್ನು ಕೊಂದರು.

ಉಪ್ಪಾಗೆ ಕಲಿಸಿದ ಪಾಠ

ಉಪ್ಪಾಗೆಯ ವಿಷಯ ನಮ್ಮ ಸದಸ್ಯರಿಗೆ ಹೊಸದಲ್ಲ. ಹಿಂದೆ ಹುಳಿಗೆ ಸಿಪ್ಪೆ, ಮನೆಗೆ ಬೀಜದ ತುಪ್ಪ, ಇಷ್ಟೇ ಅದರ ಬಳಕೆ. 1990ರ ದಶಕದಲ್ಲಿ ಮೈ ಕರಗಿಸುವ ಔಷಧಿಗೆಂದು ಸಿಪ್ಪೆಯ ಸಾರಕ್ಕೆ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿ ಬೆಲೆ ಏರಿತು. ಕಾಡಿನ ಕೊಯ್ಲು ಹರಾಜಿನ ಮೂಲಕ ಗುತ್ತಿಗೆದಾರರ ಪಾಲಾಗಿತ್ತು. ಕೊಯ್ಯುವ ಕುಟುಂಬಕ್ಕೆ ಮರದ ಮೇಲೆ ಹಕ್ಕಿರಲಿಲ್ಲ. "ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ" ಎಂಬ ಪೈಪೋಟಿಯಲ್ಲಿ ಹಣ್ಣಾಗುವ ಮೊದಲೇ ಕಾಯಿ ಉದುರಿಸಿದರು, ಕೊಂಬೆ ಕಡಿದರು. ಸುಗ್ಗಿ ಮಳೆಗಾಲದಲ್ಲಿಯೇ ಬರುವುದರಿಂದ ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಕಟ್ಟಿಗೆಯೂ ಉರಿಯಿತು.

ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಎಂಬುದನ್ನೂ ನೆನಪಿಡಬೇಕು. ಕಾಯಿ ಬಿಡದ ಬರಡು ಮರವೆಂದು ಗಂಡು ಮರಗಳನ್ನೆಲ್ಲ ಕಡಿದರೆ ಹೆಣ್ಣು ಮರಗಳ ಫಸಲಿಗೂ ಪೆಟ್ಟು ಬೀಳುತ್ತದೆ. ಕಾಡಿನಲ್ಲಿ ಹೀಗೆ ಪೈಪೋಟಿ ನಡೆದರೂ, ತಮ್ಮ ತೋಟದಂಚಿನ, ಬೆಟ್ಟದ ಮರವಾದರೆ ಯಜಮಾನನು ಹಣ್ಣಾಗುವವರೆಗೆ ಕಾದು ಕೊಯ್ಯುತ್ತಾನೆ. ಮುಂದಿನ ವರ್ಷದ ಫಸಲೂ ತನ್ನದೇ ಎಂಬ ಭರವಸೆ ಅವನಿಗಿದೆ. ಕಾಡಿನಲ್ಲಿ ಕೊಯ್ಯುವ ಕುಟುಂಬಕ್ಕೆ ಆ ಭರವಸೆ ಇರಲಿಲ್ಲ.

ಸೋಲಿಗರ ಸೀಮೆಯ ಅನುಭವ

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿ, ಜೇನು, ಪಾಚಿ ಸಂಗ್ರಹಿಸಿ ತಮ್ಮ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಕೊಡುತ್ತಿದ್ದರು. 2002ರ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ಸಂಗ್ರಹ ನಿಂತು ಅನೇಕ ಕುಟುಂಬಗಳ ಕೈ ಬರಿದಾಯಿತು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಕಾಡಿನೊಳಗೂ ಕ್ರಮಬದ್ಧ ಕೊಯ್ಲಿಗೆ ಕಾನೂನಿನ ಸ್ಥಾನವಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಇರುವ ನಿದರ್ಶನವಿದು.

ಸೋಲಿಗ ಹಿರಿಯರ ಇನ್ನೊಂದು ಮಾತನ್ನೂ ಕೇಳಬೇಕು. ಅವರು ಬೇಸಗೆಯ ಮೊದಲಲ್ಲಿ ಸಣ್ಣಗೆ 'ತರಗು ಬೆಂಕಿ' ಇಡುತ್ತಿದ್ದರು. ಅದನ್ನು ತಡೆದ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಣಿಕೆ ಹೆಚ್ಚಿತು ಎಂಬುದು ಅವರ ಅಭಿಪ್ರಾಯ. ಎಲ್ಲ ಕಾಡಿಗೂ ಈ ಬೆಂಕಿ ಹಿತವೆಂದು ಇದರ ಅರ್ಥವಲ್ಲ. ಜೋಯಿಡಾದ ನಿತ್ಯಹರಿದ್ವರ್ಣ ಕಾಡಿಗೆ ಬೆಂಕಿ ಆಗಿಬರದು. ಆದರೆ ದಿನವೂ ಕಾಡಿನಲ್ಲಿ ಓಡಾಡುವವರ ಕಣ್ಣಿಗೆ ಬಿದ್ದುದನ್ನು ಯೋಜನೆ ಬರೆಯುವವರು ಕೇಳಲೇಬೇಕು.

ನಾವು ಮಾಡಬೇಕಾದುದು

ಅಡಿಕೆ ಬೆಳೆಗಾರರಿಗೆ ಇದು ತಿಳಿಯದ ವಿಚಾರವಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂಬ ಸವಲತ್ತು ಉತ್ತರ ಕನ್ನಡದಲ್ಲಿ ತಲೆಮಾರುಗಳಿಂದ ಬಂದಿದೆ. ಕಾಲಕ್ಕೆ ಸರಿಯಾಗಿ ಸೊಪ್ಪು ಕೊಯ್ದವರ ಬೆಟ್ಟ ಇಂದಿಗೂ ಹಸಿರಾಗಿದೆ. ಬೋಳಿಸಿದವರ ಬೆಟ್ಟದಲ್ಲಿ ಗುಡ್ಡೆಕಲ್ಲು ಎದ್ದಿದೆ. ಈ ಅನುಭವದ ಬಲದಿಂದ ಕೆಲವು ಸಲಹೆಗಳನ್ನು ಮುಂದಿಡುತ್ತೇವೆ.

1. ಉಪ್ಪಾಗೆ, ಮುರುಗಲು, ಜೇನು ಕೊಳ್ಳುವಾಗ ಹಣ್ಣಾದುದಕ್ಕೆ ಹೆಚ್ಚಿನ ದರ ಕೊಡೋಣ, ಎಳೆಯದನ್ನು ಕೊಳ್ಳದಿರೋಣ. ಕೊಯ್ಲು ಆರಂಭಿಸುವ ದಿನವನ್ನು ಊರೊಟ್ಟಿನಲ್ಲಿ ನಿಶ್ಚಯಿಸುವುದು ಉತ್ತಮ.

2. ಸ್ವಂತ ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ ಉಪ್ಪಾಗೆ ಗಿಡ ಬೆಳೆಸೋಣ. ಕಾಡಿನ ಮರದ ಮೇಲಿನ ಒತ್ತಡ ಅಷ್ಟು ಕಡಿಮೆಯಾದೀತು.

3. ಬೋರ್ಡೋ ದ್ರಾವಣದ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬಾರದು. ಮೈಲುತುತ್ತ ಮೀನಿಗೆ ವಿಷ. ಕಾಫಿ ಪಲ್ಪರಿನ ನೀರನ್ನೂ ಸಂಸ್ಕರಿಸದೆ ಹೊಳೆಗೆ ಬಿಡಬಾರದು. ಕೊಳೆಯುವಾಗ ಅದು ನೀರಿನ ಪ್ರಾಣವಾಯುವನ್ನೇ ಹೀರುತ್ತದೆ. ಬಲೆ ಹಾಕುವ ಬಡವನನ್ನು ದೂರುವ ಮುನ್ನ ನಮ್ಮ ತೋಟದ ಕಾಲುವೆಯನ್ನು ನೋಡಿಕೊಳ್ಳುವುದು ಲೇಸು.

4. ಅರಣ್ಯ ಹಕ್ಕಿನ ಗ್ರಾಮಸಭೆ ಕರೆದಾಗ ತಪ್ಪದೆ ಹೋಗೋಣ. ಕುಣಬಿ, ಗೌಳಿ, ಸಿದ್ದಿ ನೆರೆಯವರ ಅರ್ಜಿಗೆ ಹಿರಿಯರ ಹೇಳಿಕೆಯೂ ಒಂದು ಸಾಕ್ಷ್ಯ. ನಮ್ಮ ಮನೆಯ ಹಿರಿಯರು ಕಂಡದ್ದನ್ನು ಕಂಡಂತೆ ಹೇಳಲಿ.

ತೋಟೆ ಸಿಡಿದರೆ, ಕೊಂಬೆ ಕಡಿದರೆ ಮೊದಲು ಗೊತ್ತಾಗುವುದು ಕಾಡಿನೊಳಗಿನ ಮನೆಯವರಿಗೆ. ಮುಂದಿನ ವರ್ಷದ ಕೊಯ್ಲು ತಮ್ಮದೇ ಎಂಬ ನಂಬಿಕೆ ಬಂದರೆ ಅದನ್ನು ತಡೆಯಲು ಅವರೇ ಮುಂದಾಗುತ್ತಾರೆ. ಬರುವ ಮಳೆಗಾಲದ ಉಪ್ಪಾಗೆ ಸುಗ್ಗಿಗೆ ಮುನ್ನ ಪ್ರತಿ ಊರಿನ ಸದಸ್ಯರೂ ಈ ವಿಷಯವನ್ನು ಸಭೆಯಲ್ಲಿ ಚರ್ಚಿಸಿ ಕೊಯ್ಲಿನ ದಿನವನ್ನು ಗೊತ್ತುಮಾಡಬೇಕೆಂದು ಕೋರುತ್ತೇವೆ.