ವೇಗದ ಜೊತೆ ಏರುವ ಚಕ್ರದ ಸದ್ದು: ತಪ್ಪು ಕಲ್ಪನೆ ಮತ್ತು ವಾಸ್ತವ

ಹತ್ತು-ಹದಿನೈದು ವರ್ಷ ಓಡಿದ ಸಣ್ಣ ಕಾರು. ಊರೊಳಗೆ ಓಡಾಡುವಾಗ ಏನೂ ಕೇಳಿಸುವುದಿಲ್ಲ. ಹೆದ್ದಾರಿ ಹಿಡಿದು ಐವತ್ತು ದಾಟಿದ ಕೂಡಲೇ ಕೆಳಗಿನಿಂದ ಗುಂಯ್ ಎನ್ನುವ ಸದ್ದು ಶುರು. ವೇಗ ಏರಿದರೆ ಅದೂ ಏರುತ್ತದೆ, ಇಳಿಸಿದರೆ ಅದೂ ಇಳಿಯುತ್ತದೆ. ಈ ಸದ್ದಿನ ಬಗ್ಗೆ ಪಂಕ್ಚರ್ ಅಂಗಡಿಯಲ್ಲಿ ಒಂದು ಮಾತು, ಗ್ಯಾರೇಜಿನಲ್ಲಿ ಇನ್ನೊಂದು, ನೆಂಟರಿಷ್ಟರ ಬಾಯಲ್ಲಿ ಮತ್ತೊಂದು. ಎಲ್ಲರ ಮಾತನ್ನೂ ನಂಬಿ, ಭಾಗ ಬದಲಿಸುತ್ತಾ ಹೋಗಿ, ದುಡ್ಡು ಮುಗಿದರೂ ಸದ್ದು ಮುಗಿಯದೆ ಕೂತವರು ನಮ್ಮಲ್ಲಿ ಬಹಳ. ಹೆಚ್ಚಾಗಿ ಕೇಳಿಬರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹಳೆಯ ಗಾಡಿ ಅಂದಮೇಲೆ ಸದ್ದು ಇದ್ದದ್ದೇ, ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ವಾಸ್ತವ: ವಯಸ್ಸಾದ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಕಿರುಗುಟ್ಟುವುದು, ಬಾಗಿಲು ಗಡಗಡ ಎನ್ನುವುದು ನಿಜ. ಆದರೆ ಆ ಸದ್ದುಗಳು ರಸ್ತೆಯ ಉಬ್ಬುತಗ್ಗನ್ನು ಹಿಂಬಾಲಿಸುತ್ತವೆ. ವೇಗವನ್ನು ಹಿಂಬಾಲಿಸುವ ಇಂಥ ಸದ್ದು ಹೆಚ್ಚಾಗಿ ಸುತ್ತುವ ಭಾಗದಿಂದ ಬರುತ್ತದೆ. ಹಾಗಾಗಿ ಮೊದಲ ಪ್ರಶ್ನೆ: ಅದು ಎಂಜಿನ್ ಜೊತೆ ಏರುತ್ತದೋ, ಚಕ್ರದ ಜೊತೆ ಏರುತ್ತದೋ? ಖಾಲಿ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟು ಕ್ಲಚ್ ತುಳಿಯಿರಿ. ಎಂಜಿನ್ ವೇಗ ಇಳಿದರೂ ಸದ್ದು ಹಾಗೇ ಉಳಿದರೆ ಮೂಲ ಎಂಜಿನ್ ಅಲ್ಲ. ಹುಡುಕಾಟ ಟೈರು, ಬೇರಿಂಗು, ಬ್ರೇಕು ಮತ್ತು ಆಕ್ಸಲ್ ಕಡೆಗೆ ತಿರುಗಬೇಕು. ಈ ಪರೀಕ್ಷೆಗೆಂದು ಚಲಿಸುವ ಕಾರಿನ ಕೀಲಿಯನ್ನು ಮಾತ್ರ ಯಾವ ಕಾರಣಕ್ಕೂ ತಿರುಗಿಸಬಾರದು. ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಕೀಲಿ ಪೂರ್ತಿ ತಿರುಗಿದರೆ ಸ್ಟೇರಿಂಗ್ ಲಾಕ್ ಆಗಲೂಬಹುದು.

ತಪ್ಪು ಕಲ್ಪನೆ 2: ಗುಂಯ್ ಎಂದರೆ ಬೇರಿಂಗ್ ಹೋಗಿದೆ ಎಂದೇ ಅರ್ಥ.

ವಾಸ್ತವ: ಬೇರಿಂಗ್ ಸದ್ದನ್ನು ತದ್ರೂಪವಾಗಿ ಅನುಕರಿಸುವ ಇನ್ನೊಂದು ವಸ್ತು ಟೈರು. ಅಲೈನ್‌ಮೆಂಟ್ ತಪ್ಪಿದ ಅಥವಾ ಶಾಕ್ ಅಬ್ಸಾರ್ಬರ್ ಸೋತ ಕಾರಿನಲ್ಲಿ ಟೈರಿನ ಮೇಲ್ಮೈಯ ರಬ್ಬರ್ ಗುಂಡಿಗಳು ಏಕಪ್ರಕಾರವಾಗಿ ಸವೆಯುವುದಿಲ್ಲ. ಒಂದು ಅಂಚು ಎತ್ತರ, ಒಂದು ಅಂಚು ತಗ್ಗು. ಕಣ್ಣಿಗೆ ಸರಿಯಾಗಿಯೇ ಕಾಣುವ ಟೈರಿನ ಮೇಲೆ ಅಂಗೈ ಇಟ್ಟು ಸುತ್ತಿನ ಉದ್ದಕ್ಕೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಅಂಗೈಗೆ ತಡೆದರೆ ಸದ್ದಿನ ಮೂಲ ಅಲ್ಲಿರುವ ಸಾಧ್ಯತೆ ದೊಡ್ಡದು. ತಂತಿ ಹೊರಬಂದಿರಬಹುದಾದ್ದರಿಂದ ನಿಧಾನವಾಗಿ ಸವರಬೇಕು.

ರಸ್ತೆಯೂ ಸಾಕ್ಷಿ ಹೇಳುತ್ತದೆ. ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ: ಹೊಸ ಡಾಂಬರಿನ ಮೇಲೆ ತಗ್ಗುತ್ತದೆ, ಕಾಂಕ್ರೀಟ್ ಮೇಲೆ ಬೇರೆಯೇ ರಾಗ ಹಿಡಿಯುತ್ತದೆ. ಬೇರಿಂಗ್ ಸದ್ದು ಮಾತ್ರ ಯಾವ ರಸ್ತೆಯಲ್ಲೂ ತನ್ನ ಪಾಡಿಗೆ ತಾನಿರುತ್ತದೆ. ಇನ್ನೂ ಅನುಮಾನವಿದ್ದರೆ ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ. ಟೈರುಗಳ ಜೊತೆ ಸದ್ದೂ ಜಾಗ ಬದಲಿಸಿದರೆ ಬೇರಿಂಗ್ ನಿರಪರಾಧಿ. ಪಂಕ್ಚರ್ ಅಂಗಡಿಯಲ್ಲೇ ಮುಗಿಯುವ ಈ ಕೆಲಸದ ಖರ್ಚು ಬೇರಿಂಗ್ ಖರ್ಚಿನ ಒಂದು ಚೂರಿಗೂ ಸಮವಲ್ಲ.

ತಪ್ಪು ಕಲ್ಪನೆ 3: ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದರೆ ಸದ್ದು ಹೋಗುತ್ತದೆ.

ವಾಸ್ತವ: ಎರಡೂ ಬೇಕಾದ ಕೆಲಸಗಳೇ, ಆದರೆ ಅವು ಸರಿಪಡಿಸುವ ತೊಂದರೆ ಬೇರೆ. ಬ್ಯಾಲೆನ್ಸಿಂಗ್ ತಪ್ಪಿದರೆ ಸಾಮಾನ್ಯವಾಗಿ ಎಂಬತ್ತರಿಂದ ನೂರರ ನಡುವೆ ಸ್ಟೇರಿಂಗೋ ಸೀಟೋ ನಡುಗುತ್ತದೆ. ಅದು ಕಂಪನ, ಗುಂಯ್‌ಗುಟ್ಟುವಿಕೆಯಲ್ಲ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಒಮ್ಮೆ ಓರೆಯಾಗಿ ಸವೆದ ರಬ್ಬರು ಅಲೈನ್‌ಮೆಂಟ್ ಮಾಡಿಸಿದ ಮರುದಿನ ಸಮವಾಗುವುದಿಲ್ಲ, ಸದ್ದು ಉಳಿದೇ ಇರುತ್ತದೆ. ಆಗ ನಾವು ಕೆಲಸದವರನ್ನು ದೂರುತ್ತೇವೆ. ಅವರ ಕೆಲಸ ಸರಿಯಾಗಿಯೇ ಆಗಿರುತ್ತದೆ. ಹೊಸ ಟೈರು ಹಾಕುವ ಹೊತ್ತಿನಲ್ಲಿ ಅಲೈನ್‌ಮೆಂಟ್ ಸರಿಪಡಿಸಿದರೆ ಮಾತ್ರ ಅದರ ಫಲ ಕಿವಿಗೆ ಗೊತ್ತಾಗುತ್ತದೆ.

ತಪ್ಪು ಕಲ್ಪನೆ 4: ಜಾಕ್ ಹಾಕಿ ಅಲ್ಲಾಡಿಸಿದಾಗ ಚಕ್ರ ಗಟ್ಟಿಯಾಗಿದ್ದರೆ ಬೇರಿಂಗ್ ಚೆನ್ನಾಗಿದೆ.

ವಾಸ್ತವ: ಚಕ್ರ ಸಡಿಲವಾಗಿ ಅಲ್ಲಾಡುವ ‘ಆಟ’ ಬರುವುದು ಕೊನೆಯ ಹಂತದಲ್ಲಿ. ಅದಕ್ಕೆ ಎಷ್ಟೋ ಮೊದಲೇ ಬೇರಿಂಗಿನ ಗುಂಡುಗಳು ಓಡುವ ಉಕ್ಕಿನ ಹಾದಿಯಲ್ಲಿ ಸಣ್ಣ ಕುಳಿ ಬಿದ್ದಿರುತ್ತದೆ. ರಸ್ತೆಯ ಸಣ್ಣ ಹೊಂಡ ವಾಹನ ಓಡಿದಂತೆಲ್ಲ ದೊಡ್ಡದಾಗುವ ಹಾಗೆ ಆ ಕುಳಿಯೂ ಬೆಳೆಯುತ್ತದೆ. ನಮಗೆ ಕೇಳಿಸುವುದು ಗುಂಡುಗಳು ಅದನ್ನು ಹಾಯುವ ಸದ್ದು.

ಇದನ್ನು ಪತ್ತೆಹಚ್ಚಲು ಕಿವಿಗಿಂತ ಬೆರಳು ಚುರುಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಜೊತೆಗೆ ಸ್ಟ್ಯಾಂಡ್ ಕೂಡ ಇಟ್ಟು ಚಕ್ರ ಎತ್ತಬೇಕು. ಎಂಜಿನ್ ಆಫ್ ಆಗಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಆ ಚಕ್ರದ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಇದ್ದರೆ ಬೆರಳಿಗೆ ಏನೂ ತಿಳಿಯದು. ಕೆಟ್ಟಿದ್ದರೆ ಮರಳು ಅರೆದಂಥ ಸಣ್ಣ ನಡುಕ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ. ಇದೇ ರೀತಿ ಎದುರು ಬದಿಯ ಚಕ್ರವನ್ನೂ ನೋಡಿ ಹೋಲಿಸಿದರೆ ವ್ಯತ್ಯಾಸ ಖಚಿತವಾಗುತ್ತದೆ.

ಇನ್ನು, ಆಟ ಇದ್ದರೂ ಅದು ಬೇರಿಂಗಿನದೇ ಆಗಬೇಕಿಲ್ಲ. ಚಕ್ರದ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸುವಾಗ ಇನ್ನೊಬ್ಬರು ಬ್ರೇಕ್ ತುಳಿಯಲಿ. ಬ್ರೇಕ್ ಹಿಡಿದ ಕೂಡಲೇ ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್‌ನಂಥ ಬೇರೆ ಕೀಲು ಸಡಿಲವಾಗಿದೆ. ಎಡ-ಬಲ ತುದಿ ಹಿಡಿದಾಗ ಮಾತ್ರ ಆಟ ಕಂಡರೆ ಸ್ಟೇರಿಂಗಿನ ಟೈ ರಾಡ್ ಕಡೆ ನೋಡಬೇಕು.

ತಪ್ಪು ಕಲ್ಪನೆ 5: ಸದ್ದು ಯಾವ ಕಡೆಯಿಂದ ಕೇಳುತ್ತದೋ ಆ ಕಡೆಯ ಚಕ್ರವೇ ಕೆಟ್ಟಿದೆ.

ವಾಸ್ತವ: ಕಾರಿನ ತಗಡು ಸದ್ದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ಯುತ್ತದೆ. ಹಿಂದಿನ ಚಕ್ರದ ಸದ್ದು ಚಾಲಕನ ಕಾಲ ಬಳಿ ಕೇಳುವುದು ಅಪರೂಪವಲ್ಲ. ಕಿವಿಗಿಂತ ತಿರುವನ್ನು ನಂಬುವುದು ಮೇಲು. ಕಾರು ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ, ಎಡಕ್ಕೆ ತಿರುಗುವಾಗ ಬಲ ಚಕ್ರಗಳ ಮೇಲೆ. ಬಲಕ್ಕೆ ಹೊರಳಿದಾಗ ಸದ್ದು ಏರಿ, ಎಡಕ್ಕೆ ಹೊರಳಿದಾಗ ಇಳಿದರೆ ಮೊದಲ ಅನುಮಾನ ಎಡ ಬದಿಯ ಬೇರಿಂಗಿನ ಮೇಲೆ. ಇದಕ್ಕೂ ಮಿತಿ ಇದೆ. ಎರಡು ಸಾಲು ಗುಂಡುಗಳಿರುವ ಬೇರಿಂಗಿನಲ್ಲಿ ಯಾವ ಸಾಲು ಕೆಟ್ಟಿದೆ ಎಂಬುದರ ಮೇಲೆ ಫಲಿತಾಂಶ ಕೆಲವೊಮ್ಮೆ ತಿರುವುಮುರುವಾಗುತ್ತದೆ. ಹಾಗಾಗಿ ಬಿಚ್ಚುವ ಮೊದಲು ಸ್ಪ್ರಿಂಗ್ ಪರೀಕ್ಷೆಯ ಒಪ್ಪಿಗೆಯೂ ಬೇಕು.

ತಪ್ಪು ಕಲ್ಪನೆ 6: ಟಕ್ ಟಕ್ ಆಗಲಿ, ಕಿರ್ರ್ ಆಗಲಿ, ಚಕ್ರದ ಸದ್ದೆಂದರೆ ದೊಡ್ಡ ಖರ್ಚು.

ವಾಸ್ತವ: ಸದ್ದಿನ ಲಯ ಎಣಿಸಿದರೆ ಎಷ್ಟೋ ಭಯ ಕರಗುತ್ತದೆ. 145/80 ಆರ್ 12 ಅಳತೆಯ ಟೈರು, ಅಂದರೆ ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿರುವ ಟೈರು, ಒಂದು ಸುತ್ತಿಗೆ ಸುಮಾರು 1.7 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹತ್ತು ಸುತ್ತು, ಎಣಿಸಲಾಗದು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಸುಮಾರು ಐದು ಸುತ್ತು. ಆ ವೇಗದಲ್ಲಿ ಸುತ್ತಿಗೊಂದು ಟಕ್ ಬಂದರೆ ಟೈರಿನ ಸಂದಿನಲ್ಲಿ ಕಲ್ಲೋ ಮೊಳೆಯೋ ಸಿಕ್ಕಿರಬಹುದು, ವೀಲ್ ಕ್ಯಾಪ್ ಸಡಿಲವಾಗಿರಬಹುದು. ವೀಲ್ ನಟ್ ಸಡಿಲವಾಗಿದ್ದರೂ ಇಂಥದೇ ಸದ್ದು ಬರುತ್ತದೆ, ಅದು ಅಪಾಯ. ಆದ್ದರಿಂದ ತಕ್ಷಣ ನಿಲ್ಲಿಸಿ ನಟ್ಟುಗಳನ್ನು ಪಾನದಿಂದ ನೋಡಲೇಬೇಕು. ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೊರಟಾಗ ಮಾತ್ರ ಕಟಕಟ ಎಂದರೆ ಆಕ್ಸಲ್‌ನ ಹೊರತುದಿಯ ಸಿ.ವಿ. ಜಾಯಿಂಟ್, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿದಿರುತ್ತದೆ. ಕಿರ್ರ್ ಸದ್ದು ಬ್ರೇಕ್ ಮುಟ್ಟಿದಾಗ ಬದಲಾದರೆ ಬ್ರೇಕ್ ಪ್ಯಾಡ್ ನೋಡಿ. ಪ್ಯಾಡ್ ಸವೆದಾಗ ಡಿಸ್ಕ್‌ಗೆ ತಾಗಿ ಎಚ್ಚರಿಸಲೆಂದೇ ಕೆಲವು ಪ್ಯಾಡ್‌ಗಳಲ್ಲಿ ಸಣ್ಣ ಲೋಹದ ನಾಲಗೆ ಇರುತ್ತದೆ.

ತಪ್ಪು ಕಲ್ಪನೆ 7: ಸದ್ದು ಮಾಡುವ ಬೇರಿಂಗಿಗೆ ಗ್ರೀಸ್ ತುಂಬಿಸಿದರೆ ಸಾಕು.

ವಾಸ್ತವ: ಈ ಮಾತಿಗೆ ಬುನಾದಿ ಇದೆ. ಜೀಪಿನಂಥ ವಾಹನಗಳಲ್ಲಿ ಹಬ್ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸ್ ತುಂಬಿ, ನಟ್ಟಿನ ಬಿಗಿ ಸರಿಮಾಡುವುದು ನಿಯಮಿತ ಕೆಲಸವಾಗಿತ್ತು. ಆದರೆ ಇಂದಿನ ಬಹುಪಾಲು ಸಣ್ಣ ಕಾರುಗಳ ಮುಂದಿನ ಬೇರಿಂಗ್ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ್ದು. ಅದನ್ನು ತೆರೆಯುವುದಲ್ಲ, ಬದಲಿಸುವುದೇ ದಾರಿ. ಕುಳಿ ಬಿದ್ದ ಉಕ್ಕನ್ನು ಯಾವ ಗ್ರೀಸೂ ಮಟ್ಟಸ ಮಾಡದು.

ಬದಲಿಸುವ ರೀತಿಯೂ ಮುಖ್ಯ. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಪೆಟ್ಟು ಗುಂಡುಗಳ ಮೂಲಕ ಹಾದಿಗೆ ತಾಗಿ, ಮೊದಲ ದಿನವೇ ಕುಳಿ ಬೀಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಸದ್ದು ಮರಳುತ್ತದೆ. ಪ್ರೆಸ್ ಇರುವ ಗ್ಯಾರೇಜಿನಲ್ಲಿ, ಹಬ್ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಬಿಗಿಸುವವರ ಕೈಯಲ್ಲಿ ಈ ಕೆಲಸ ಮಾಡಿಸಬೇಕು.

ತಪ್ಪು ಕಲ್ಪನೆ 8: ಒಂದು ಬೇರಿಂಗ್ ಹೋದರೆ ಜೋಡಿಯಾಗಿಯೇ ಬದಲಿಸಬೇಕು.

ವಾಸ್ತವ: ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸುತ್ತೇವೆ, ಏಕೆಂದರೆ ಎಡ-ಬಲ ಅಸಮವಾದರೆ ಕಾರಿನ ಹಿಡಿತ ತಪ್ಪುತ್ತದೆ. ಬೇರಿಂಗಿಗೆ ಆ ನಿಯಮ ಅನ್ವಯಿಸುವುದಿಲ್ಲ. ಸದ್ದಿಲ್ಲದೆ, ಆಟವಿಲ್ಲದೆ ನುಣ್ಣಗೆ ತಿರುಗುವ ಬೇರಿಂಗನ್ನು ಕಿತ್ತೆಸೆಯುವುದರಿಂದ ಲಾಭವಿಲ್ಲ.

ತಪ್ಪು ಕಲ್ಪನೆ 9: ಕಾರಿಗೆ ದೃಷ್ಟಿ ತಾಗಿದೆ, ಅಪಶಕುನದ ಪ್ರಯಾಣದ ನಂತರ ಸದ್ದು ಶುರುವಾಯಿತು.

ವಾಸ್ತವ: ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವ ಮನೆಗಳಲ್ಲಿ ನಾವೂ ಬೆಳೆದವರು. ಒಂದು ಪ್ರಯಾಣ ಮುಗಿದ ಮೇಲೆ ಸದ್ದು ಶುರುವಾಯಿತು ಎನ್ನುವವರ ನೆನಪು ಬಹಳ ಸಲ ನಿಜವೇ. ಕಾರಣ ಮಾತ್ರ ಆ ದಾರಿಯಲ್ಲಿದೆ. ಮಳೆಗಾಲದಲ್ಲಿ ಹಬ್ ಮುಳುಗುವಷ್ಟು ನೀರಿನಲ್ಲಿ ಕಾರು ಹಾದರೆ ಹಳೆಯ ಸೀಲ್ ದಾಟಿ ನೀರು ಒಳಹೋಗುತ್ತದೆ, ಗ್ರೀಸ್ ಕೆಡುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ವೇಗದಲ್ಲಿ ಹೊಂಡಕ್ಕೆ ಬಿದ್ದರೆ ಬೇರಿಂಗಿನ ಹಾದಿಗೆ ಪೆಟ್ಟಾಗುತ್ತದೆ. ಎರಡರ ಫಲವೂ ಕೂಡಲೇ ಕೇಳುವುದಿಲ್ಲ, ದಿನ ಕಳೆದ ಮೇಲೆ ಕೇಳುತ್ತದೆ. ಆದ್ದರಿಂದ ಯಾರು ಎದುರು ಬಂದರು ಎಂಬುದಕ್ಕಿಂತ ಎಂಥ ರಸ್ತೆಯಲ್ಲಿ ಹೋದೆವು ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿ. ಆಯುಧಪೂಜೆಗೆ ಕಾರು ತೊಳೆಯುವಾಗ ನಾಲ್ಕೂ ಟೈರುಗಳನ್ನು ಅಂಗೈಯಿಂದ ಸವರಿ ನೋಡಿದರೆ ಪೂಜೆಗೂ ಕುಂದಿಲ್ಲ, ಕಾರಿಗೂ ಒಳ್ಳೆಯದು.

ತಪ್ಪು ಕಲ್ಪನೆ 10: ಸದ್ದು ತಾನೇ, ಮುಂದಿನ ಸರ್ವಿಸ್‌ವರೆಗೆ ಓಡಿಸಬಹುದು.

ವಾಸ್ತವ: ಟೈರಿನ ಸದ್ದಾದರೆ, ರಬ್ಬರು ಉಳಿದಿದ್ದರೆ, ಕಾಯಬಹುದು. ಟೈರಿನ ಗೀರುಗಳ ಆಳದ ಕನಿಷ್ಠ ಮಿತಿ 1.6 ಮಿಲಿಮೀಟರ್, ಅದಕ್ಕಿಂತ ಕಡಿಮೆಯಾದರೆ ಟೈರು ಬದಲಿಸಲೇಬೇಕು. ಬೇರಿಂಗ್ ಸದ್ದಿಗೆ ಅಂಥ ಗಡುವು ಯಾರೂ ಕೊಡಲಾರರು. ಕೆಲವು ಬೇರಿಂಗ್ ತಿಂಗಳುಗಟ್ಟಲೆ ಗುಂಯ್‌ಗುಟ್ಟುತ್ತವೆ, ಕೆಲವು ಬೇಗ ಸಡಿಲವಾಗುತ್ತವೆ. ಗುಂಯ್ ಹೋಗಿ ಗೊರಗೊರ ಬಂದರೆ, ಸ್ಟೇರಿಂಗ್ ಸಡಿಲ ಎನಿಸಿದರೆ, ಎ.ಬಿ.ಎಸ್. ದೀಪ ಹೊತ್ತಿದರೆ, ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲೇ ನಿಲ್ಲಿಸಿ ಟೋಯಿಂಗ್ ವಾಹನ ಕರೆಯಿರಿ. ಪೂರ್ತಿ ಪುಡಿಯಾದ ಬೇರಿಂಗ್ ಚಕ್ರವನ್ನು ಹಿಡಿದಿಡಲಾರದು.

ಕಾರು ಹಳೆಯದಾದರೂ ಅದರೊಳಗೆ ಕೂರುವುದು ನಮ್ಮ ಮನೆಯವರೇ. ಬಿಡಿಭಾಗ ಕೊಳ್ಳುವ ಮೊದಲು ಕ್ಲಚ್, ರಸ್ತೆ, ಅಂಗೈ, ತಿರುವು, ಸ್ಪ್ರಿಂಗ್ ಈ ಐದು ಪರೀಕ್ಷೆಗಳನ್ನು ಮಾಡಿ, ಒಂದು ಸಲಕ್ಕೆ ಒಂದನ್ನೇ ಮಾಡಿ. ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್‌ನನ್ನು ಜೊತೆಗೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿ. ಸದ್ದು ಕೇಳಿಸಿಕೊಳ್ಳದೆಯೇ ಭಾಗ ಬದಲಿಸಲು ಹೊರಟವರ ಕೈಗೆ ಕಾರು ಕೊಡಬೇಡಿ.