ನಡೆಯದ ಪರೀಕ್ಷೆಗೂ ಹಸಿರು ದೀಪ!

ಕಡೂರಿನಿಂದ ಹೊರಟ ರೈಲು ಬೀರೂರು ಜಂಕ್ಷನ್ ದಾಟಿತೆಂದರೆ ಹಳಿ ಕವಲೊಡೆಯುತ್ತದೆ. ಹುಬ್ಬಳ್ಳಿಯ ಗಾಡಿಯಾದರೆ ಅಜ್ಜಂಪುರದ ಕಡೆಗೆ, ಶಿವಮೊಗ್ಗದ್ದಾದರೆ ತರೀಕೆರೆಯ ಕಡೆಗೆ. ಪಾಯಿಂಟು ಸರಿಯಾಗಿ ಕೂತು ಬೀಗ ಬೀಳುವ ತನಕ ಸಿಗ್ನಲ್ ಹಸಿರಾಗುವುದಿಲ್ಲ. ‘ಹೀಗಿದ್ದರೆ ಮಾತ್ರ ಹಾಗೆ’ ಎಂಬ ಇದೇ ಷರತ್ತು ತಂತ್ರಾಂಶ ಕಟ್ಟುವವರ ದಿನನಿತ್ಯದ ಕೆಲಸದಲ್ಲೂ ಇದೆ.

ಮಗ ಬೆಂಗಳೂರಿನ ಕಂಪನಿಯಲ್ಲಿ ಅದೇನು ಮಾಡುತ್ತಾನೋ ಎನ್ನುವ ತಂದೆತಾಯಿಯರೂ ಇದನ್ನು ತಿಳಿಯಬಹುದು. ಐವತ್ತು ಮಂದಿ ಸೇರಿ ಒಂದೇ ತಂತ್ರಾಂಶ ಬರೆಯುತ್ತಿದ್ದಾರೆ ಎನ್ನಿ. ಯಾರು ಏನು ತಿದ್ದಿದರೂ ಅದು ಒಂದು ಕೇಂದ್ರಕ್ಕೆ ಬರುತ್ತದೆ. ಅಲ್ಲಿನ ಗಣಕಯಂತ್ರ ಎಲ್ಲವನ್ನೂ ಜೋಡಿಸಿ, ಪರೀಕ್ಷಿಸಿ, ಫಲಿತಾಂಶ ಹೇಳುತ್ತದೆ. ಇದೇ ‘ಕಂಟಿನ್ಯುಯಸ್ ಇಂಟಿಗ್ರೇಷನ್’, ಚಿಕ್ಕದಾಗಿ ಸಿಐ. ಜೆಂಕಿನ್ಸ್, ಗಿಟ್‌ಲ್ಯಾಬ್, ಗಿಟ್‌ಹಬ್ ಆ್ಯಕ್ಷನ್ಸ್ ಇದಕ್ಕೆ ಬಳಸುವ ಸಾಧನಗಳು. ಏನೇನು ಮಾಡಬೇಕೆಂದು ಬರೆದಿಟ್ಟ ಆಜ್ಞೆಗಳೇ ಸ್ಕ್ರಿಪ್ಟ್.

ಎಲ್ಲ ಆಜ್ಞೆಗಳೂ ಎಲ್ಲ ಸಲ ಬೇಕಿಲ್ಲ. ಬಳಕೆಯ ಕೈಪಿಡಿಯಲ್ಲಿ ಒಂದು ಅಕ್ಷರ ತಿದ್ದಿದ್ದಕ್ಕೆ ಗಂಟೆಗಟ್ಟಲೆ ಪರೀಕ್ಷೆ ಏಕೆ? ಅದಕ್ಕೇ ಷರತ್ತು. ಸ್ಕ್ರಿಪ್ಟು ತಾನು ಹುಡುಗನ ಲ್ಯಾಪ್‌ಟಾಪಿನಲ್ಲಿದ್ದೇನೆಯೋ, ಕೇಂದ್ರದಲ್ಲೋ ಎಂದೂ ತಿಳಿದುಕೊಳ್ಳಬಲ್ಲದು. ಇಂಥ ಹಲವು ಸೇವೆಗಳು ‘ಸಿಐ’ ಹೆಸರಿನ ಒಂದು ಚೀಟಿಗೆ ‘ಹೌದು’ ಎಂಬ ಬೆಲೆ ಕೊಟ್ಟಿರುತ್ತವೆ. ಚೀಟಿ ಕಂಡರೆ ಸ್ಕ್ರಿಪ್ಟು ‘ಮುಂದುವರಿಯಲೇ?’ ಎಂದು ಕೇಳುತ್ತ ಕೂರಬಾರದು. ಉತ್ತರಿಸಲು ಅಲ್ಲಿ ಮನುಷ್ಯರೇ ಇಲ್ಲ!

ಅಪಾಯವಿರುವುದು ಬೇರೆಡೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಷರತ್ತು ಕೂಡದೆ ಒಂದು ಕೆಲಸ ತಪ್ಪಿಹೋದರೆ ಅದನ್ನು ‘ಯಶಸ್ವಿ’ ಎಂದೇ ಲೆಕ್ಕ ಹಿಡಿಯಲಾಗುತ್ತದೆ. ಕಡ್ಡಾಯ ಪರೀಕ್ಷೆಯಾದರೂ ಅಷ್ಟೆ. ಗೈರುಹಾಜರಾದ ಹುಡುಗನ ಅಂಕಪಟ್ಟಿಯಲ್ಲಿ ‘ತೇರ್ಗಡೆ’ ಎಂದು ಬರೆದ ಹಾಗೆ! ಮುಖ್ಯ ಶಾಖೆಗೆ ಮೊದಲು ‘ಮಾಸ್ಟರ್’ ಎಂಬ ಹೆಸರಿತ್ತು. 2020ರ ಅಕ್ಟೋಬರ್‌ನಿಂದ ಗಿಟ್‌ಹಬ್‌ನ ಹೊಸ ಯೋಜನೆಗಳಲ್ಲಿ ಅದು ‘ಮೇನ್’ ಆಯಿತು. ಹಳೆಯ ಪಾಠ ನೋಡಿ ‘ಮಾಸ್ಟರ್ ಆದರೆ ಮಾತ್ರ ಪರೀಕ್ಷಿಸು’ ಎಂದು ಬರೆದವರ ಪರೀಕ್ಷೆ ಒಂದು ದಿನವೂ ನಡೆಯುವುದಿಲ್ಲ, ಆದರೂ ತಡೆ ಬೀಳುವುದಿಲ್ಲ.

ರೈಲಿನವರು ಇದಕ್ಕೆ ತಿರುಗುಮುರುಗು. ಸಿಗ್ನಲ್ ವ್ಯವಸ್ಥೆ ಕೆಟ್ಟರೆ ಗಾಡಿ ನಿಲ್ಲುವಂತೆಯೇ ಅದನ್ನು ಕಟ್ಟಿರುತ್ತಾರೆ. ತಂತ್ರಾಂಶದಲ್ಲೂ ಹಾಗೆ ಮಾಡಬಹುದು: ಕೊನೆಯಲ್ಲಿ ಯಾವ ಷರತ್ತಿಗೂ ತಪ್ಪದೆ ನಡೆಯುವ ಒಂದು ಕೆಲಸವಿಟ್ಟು, ಉಳಿದವು ‘ಯಶಸ್ವಿ’ಯೋ ‘ತಪ್ಪಿಹೋದವೋ’ ಎಂದು ಅದರಿಂದ ವಿಚಾರಿಸಬೇಕು. ಅಲ್ಲಿ ಈ ಎರಡೂ ಬೇರೆಬೇರೆಯಾಗಿಯೇ ಕಾಣುತ್ತವೆ.

ಕಾಲೇಜಿನ ಪ್ರಾಜೆಕ್ಟಿನಲ್ಲಿ ಇದನ್ನು ಬಳಸುವ ವಿದ್ಯಾರ್ಥಿಗಳು ಬೇಕೆಂದೇ ಒಂದು ತಪ್ಪು ಲೆಕ್ಕ ಸೇರಿಸಿ, ಕೆಂಪು ಬರುತ್ತದೆಯೇ ನೋಡಲಿ. ಬರದಿದ್ದರೆ ಮೊದಲು ಷರತ್ತಿನ ಸಾಲನ್ನೇ ಹುಡುಕಲಿ.